ಕ್ಯುಸೆಕ್ಕಿನ ಲೆಕ್ಕಕ್ಕೆ ಸಿಗದ ಕೂಲಿ

ಜುಲೈ ಬಂತೆಂದರೆ ಮಂಡ್ಯದ ಟೀ ಅಂಗಡಿಗಳಲ್ಲಿ ಮಳೆ ಹೇಗೆ ಎಂದು ಯಾರೂ ಕೇಳುವುದಿಲ್ಲ. ‘ಕಟ್ಟೆ ಎಷ್ಟಾಯ್ತು?’ ಅಂತಾರೆ. ಕಟ್ಟೆ ಎಂದರೆ ಕಾವೇರಿಗೆ ಕಟ್ಟಿದ ಕನ್ನಂಬಾಡಿ, ಅಂದರೆ ಕೆಆರ್‌ಎಸ್; ಎಷ್ಟು ಎಂದರೆ ಅಡಿ. 124.80 ಆದರೆ ಭರ್ತಿ. ಮಳೆ ಬೀಳಬೇಕಾದದ್ದು ಕೊಡಗಿನಲ್ಲಿ, ಅದರ ಲೆಕ್ಕ ಹಿಡಿಯುವವರು ಇಲ್ಲಿ. ನೂರರ ಸುತ್ತ ತೆವಳುವ ವರ್ಷ ಮಾತ್ರ ಎರಡನೇ ಪ್ರಶ್ನೆಯೊಂದು ಹುಟ್ಟುತ್ತದೆ: ‘ಕೆಳಕ್ಕೆ ಬುಟ್ರಾ?’

ಕೆಳಕ್ಕೆ ಎಂದರೆ ತಮಿಳುನಾಡಿಗೆ. ಈ ಎರಡನೇ ಪ್ರಶ್ನೆಯ ಹಿಂದೆ ಕಾವೇರಿ ವ್ಯಾಜ್ಯದ ನೂರ ಮೂವತ್ತು ವರ್ಷಗಳ ಕಡತವಿದೆ. ಒಪ್ಪಂದ, ನ್ಯಾಯಮಂಡಳಿ, ಮಧ್ಯಂತರ ಆದೇಶ, ಅಂತಿಮ ತೀರ್ಪು, ಪ್ರಾಧಿಕಾರ, ಸಮಿತಿ. ಈಗಿನ ಹುಡುಗರಿಗೆ ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಗೊತ್ತಿಲ್ಲ. ಸಿಟ್ಟು ಮಾತ್ರ ಎಲ್ಲರಿಗೂ ಬಂದಿದೆ, ಪಿತ್ರಾರ್ಜಿತ ಆಸ್ತಿಯ ಹಾಗೆ.

ಹಳೆಯದನ್ನು ಬೇಗ ಮುಗಿಸೋಣ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತ್ಯಕ್ಕೂ ಮೊದಲ ಒಪ್ಪಂದವಾಯಿತು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಗಿ, 1924ರಲ್ಲಿ ಐವತ್ತು ವರ್ಷದ ಕರಾರಾಗಿ, ಮೂವತ್ತರ ದಶಕದ ಮೊದಲಿಗೆ ಅಣೆಕಟ್ಟೆ ನಿಂತಿತು. 1934ರಲ್ಲಿ ಕೆಳಗೆ ಮೆಟ್ಟೂರು ನಿಂತಿತು. 1974ಕ್ಕೆ ಕರಾರಿನ ಅವಧಿ ಮುಗಿಯಿತೆಂದು ನಾವು, ಮುಗಿದಿಲ್ಲವೆಂದು ಅವರು. ಅಷ್ಟರಲ್ಲಿ ನಾಲೆ ಬಂದು ಹೊಲವೆಲ್ಲ ಗದ್ದೆಯಾಗಿತ್ತು, ರಾಗಿ ಬೆಳೆಯುತ್ತಿದ್ದವರು ಭತ್ತಕ್ಕೂ ಕಬ್ಬಿಗೂ ಇಳಿದಿದ್ದರು, 1939ರಲ್ಲಿ ಮಂಡ್ಯ ಜಿಲ್ಲೆಯೇ ಹುಟ್ಟಿತ್ತು. ಅತ್ತ ತಂಜಾವೂರಿನ ಬಯಲಿನಲ್ಲಿ ಕಾವೇರಿ ನೀರಿನ ಬೇಸಾಯ ಶತಮಾನಗಳಷ್ಟು ಹಳೆಯದು. ಎರಡೂ ಕಡೆಯವರು ಒಂದೇ ಹೊಳೆಯನ್ನು ನಂಬಿ ಸಂಸಾರ ಕಟ್ಟಿದವರು.

ಒಂದು ವಿಷಯ ಮೊದಲೇ ತಿಳಿದಿರಬೇಕು. ಜಗಳ ಹೆಚ್ಚಾಗಿ ಸೆಪ್ಟೆಂಬರಿನಲ್ಲೇ ಯಾಕೆ ಹೊತ್ತಿಕೊಳ್ಳುತ್ತದೆ? ಕನ್ನಂಬಾಡಿಯ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ನೀರು ಬಿಟ್ಟು ಜುಲೈ, ಆಗಸ್ಟಿನಲ್ಲಿ ನಾಟಿ ಮಾಡಿದ ಭತ್ತಕ್ಕೆ ಸೆಪ್ಟೆಂಬರಿನಲ್ಲಿ ನೀರು ತಪ್ಪಬಾರದು. ತಮಿಳುನಾಡಿನಲ್ಲಿ ಕುರುವೈ ಬೆಳೆ ಕಟಾವಿಗೆ ಬರುವುದೂ, ಸಾಂಬಾ ಬೆಳೆ ಹಿಡಿದುಕೊಳ್ಳುವುದೂ ಆಗಲೇ. ಅವರಿಗೆ ಹಿಂಗಾರು ಬರಲು ಅಕ್ಟೋಬರ್ ಆಗಬೇಕು. ನಮಗೆ ಮುಂಗಾರು ಕೈಕೊಟ್ಟಿದ್ದರೆ ಸೆಪ್ಟೆಂಬರಿನಲ್ಲಿ ಇಬ್ಬರ ಕಣ್ಣೂ ಒಂದೇ ಕೊಡದ ಮೇಲೆ. ಮಳೆ ಸರಿಯಾದ ವರ್ಷ ಈ ವ್ಯಾಜ್ಯ ಇದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಕೊರತೆಯ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಸಂಕಷ್ಟ ಸೂತ್ರಕ್ಕೆ ಎರಡೂ ರಾಜ್ಯ ಒಪ್ಪಿದ್ದೇ ಇಲ್ಲ. ಮಳೆ ಬಂದ ವರ್ಷ ಅದನ್ನು ಮಾತಾಡಲು ಪುರುಸೊತ್ತಿರುತ್ತದೆ, ಮನಸ್ಸಿರುವುದಿಲ್ಲ.

1991 ಮಾತ್ರ ಈ ಲೆಕ್ಕಕ್ಕೆ ಹೊರಗು. ಅದು ಗದ್ದೆಯ ನೀರಿಗಿಂತ ಹೆಚ್ಚಾಗಿ ಕಾಗದದ ಮೇಲಿನ ನೀರಿಗೆ ಸಿಡಿದದ್ದು. 1990ರ ಜೂನ್‌ನಲ್ಲಿ ರಚನೆಯಾದ ನ್ಯಾಯಮಂಡಳಿ, ಒಂದು ವರ್ಷದ ನಂತರ ಕರ್ನಾಟಕ ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಅದನ್ನು ತಡೆಯಲು ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಆದೇಶ ಕೇಂದ್ರದ ಗೆಜೆಟ್ಟಿಗೆ ಬಂದದ್ದೇ ತಡ, 13ನೇ ತಾರೀಕು ಬಂದ್. ಬೆಂಗಳೂರಿನ ತಮಿಳರ ಬಡಾವಣೆಗಳಲ್ಲಿ ಬೆಂಕಿ, ಗೋಲಿಬಾರ್, ಹೆಣ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಗೇಯುತ್ತಿದ್ದ ತಮಿಳು ಕುಟುಂಬಗಳಿಗೂ ಬಿಸಿ ಮುಟ್ಟಿತು. ಸಾವಿರಾರು ಜನ ಗಡಿ ದಾಟಿದರು. ಅತ್ತ ತಮಿಳುನಾಡಿನಲ್ಲಿ ಕನ್ನಡದವರ ಮೇಲೆ ಸೇಡು. ಹೀಗೆ ಗುಳೆ ಎದ್ದವರಲ್ಲಿ ನ್ಯಾಯಮಂಡಳಿ ಎಂದರೇನೆಂದು ತಿಳಿದವರು ಎಷ್ಟು ಮಂದಿ ಇದ್ದರೋ.

ಮಂಡ್ಯದವರಾಗಿ ನಾವು ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಮೇಲುಕೋಟೆಯ ಚೆಲುವನಾರಾಯಣನಿಗೆ ಇಂದಿಗೂ ಆಳ್ವಾರರ ತಮಿಳು ಪಾಶುರಗಳ ಸೇವೆ ನಡೆಯುತ್ತದೆ. ಮಂಡ್ಯ ಪಟ್ಟಣದಲ್ಲೇ ತಮಿಳು ಕಾಲೋನಿ ಎಂಬ ಹೆಸರಿನ ಬಡಾವಣೆಯಿದೆ. ಅಲ್ಲಿನ ಹೆಂಗಸರು ಮನೆಗೆಲಸಕ್ಕೆ ಹೋದಲ್ಲಿ ಆಡುವುದು ನಮ್ಮದೇ ಕನ್ನಡ, ‘ಬುಟ್ಬುಡಿ ಅಕ್ಕ’ ಅನ್ನುವ ಅಪ್ಪಟ ಮಂಡ್ಯ ಕನ್ನಡ. ಗಲಾಟೆಯ ವಾರ ಮಾತ್ರ ಅವರಲ್ಲಿ ಕೆಲವರು ಕೆಲಸಕ್ಕೆ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಮನೆಯವರೂ ಕೇಳುವುದಿಲ್ಲ.

2002ರಲ್ಲಿ ಬರ. ನೀರು ಬಿಟ್ಟದ್ದನ್ನು ಪ್ರತಿಭಟಿಸುತ್ತಾ ರೈತರೊಬ್ಬರು ಕಬಿನಿ ಜಲಾಶಯಕ್ಕೆ ಹಾರಿ ಸತ್ತರು. ನಮ್ಮ ಜಿಲ್ಲೆಯವರೇ ಆದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಹೊರಟರು. 2007ರ ಫೆಬ್ರುವರಿ 5ರಂದು ಅಂತಿಮ ತೀರ್ಪು ಬಂತು: ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ. ಅದು ಗೆಜೆಟ್ಟಿಗೆ ಬರಲು ಮತ್ತೆ ಆರು ವರ್ಷ ಹಿಡಿಯಿತು. ನಡುವೆ 2012ರಲ್ಲಿ ದಿನಕ್ಕೆ 9,000 ಕ್ಯುಸೆಕ್ ಬಿಡುವ ಆದೇಶ, ಮತ್ತೆ ಹೆದ್ದಾರಿ ತಡೆ.

ನಾನು ಹತ್ತಿರದಿಂದ ಕಂಡದ್ದು 2016ರ ಸೆಪ್ಟೆಂಬರ್. 5ನೇ ತಾರೀಕು ಸುಪ್ರೀಂ ಕೋರ್ಟ್ ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ಬಿಡಿ ಎಂದಿತು. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಹನ್ನೊಂದೂವರೆ ಸಾವಿರ ಕ್ಯುಸೆಕ್ ಇಡೀ ಒಂದು ದಿನ ಹರಿದರೆ ಹೆಚ್ಚುಕಡಿಮೆ ಒಂದು ಟಿಎಂಸಿ. ಅಂದರೆ ಹತ್ತು ದಿನಕ್ಕೆ ಸುಮಾರು 13 ಟಿಎಂಸಿ. ತುಂಬಿದಾಗಲೇ 49 ಟಿಎಂಸಿ ಹಿಡಿಯುವ ಕಟ್ಟೆ ಆ ವರ್ಷ ತುಂಬಿರಲಿಲ್ಲ. ಈ ಲೆಕ್ಕ ನಾಲೆ ಬಯಲಿನ ಯಾವ ಹುಡುಗನಿಗಾದರೂ ಬಾಯಿಪಾಠ. ಸಿಟ್ಟು ಬರಬಾರದಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ಕಡೆ ಒಟ್ಟಲು ಹಾಕಿ ಕೂತವರಿಗೆ, ಸಸಿ ಪೈರು ಕಣ್ಣೆದುರೇ ಹಳದಿ ತಿರುಗುತ್ತಿತ್ತು. ಕಟ್ಟು ನೀರಿನ ಸರದಿ ಬಂದ ರಾತ್ರಿ ಟಾರ್ಚು, ಗುದ್ದಲಿ ಹಿಡಿದು ತೂಬಿನ ಮೇಲೆ ಮಲಗಿದವರನ್ನು ಕಂಡಿದ್ದೇನೆ. ಮೇಲಿನ ಗದ್ದೆಯವನು ಕೆಳಗಿನ ಗದ್ದೆಯವನ ನೀರು ಕದಿಯುವುದು ಇಲ್ಲಿ ದಿನದ ಮಾತು, ಅದಕ್ಕೆ ಯಾರೂ ಬಂದ್ ಕರೆಯುವುದಿಲ್ಲ.

ಮಂಡ್ಯದಲ್ಲಿ ಹೆದ್ದಾರಿ ನಿಂತಿತು. ಸಂಜಯ ವೃತ್ತದಲ್ಲಿ ಟೈರು, ಸರ್ ಎಂ.ವಿ. ಪ್ರತಿಮೆಯ ಮುಂದೆ ಧರಣಿ, ಮೈಕು. ಕಾವೇರಿ ಹೋರಾಟದ ಜಿ. ಮಾದೇಗೌಡರಂಥ ಹಿರಿಯರು ಆ ವಯಸ್ಸಿನಲ್ಲೂ ಬಂದು ಕೂರುತ್ತಿದ್ದರು. 9ಕ್ಕೆ ರಾಜ್ಯ ಬಂದ್, ಬಹುಪಾಲು ಶಾಂತ. ಆಮೇಲೆ ನಡೆದದ್ದಕ್ಕೂ ಗದ್ದೆಗೂ ಸಂಬಂಧ ಹುಡುಕುವುದು ಕಷ್ಟ. ಕನ್ನಡ ನಟರನ್ನು ಹಂಗಿಸಿ ಫೇಸ್‌ಬುಕ್ಕಿನಲ್ಲಿ ಬರೆದನೆಂದು ಬೆಂಗಳೂರಿನಲ್ಲಿ ಒಬ್ಬ ತಮಿಳು ವಿದ್ಯಾರ್ಥಿಯನ್ನು ಹೊಡೆದರು, ಹೊಡೆದದ್ದರ ವಿಡಿಯೊ ಹರಿಬಿಟ್ಟರು. ಅದಕ್ಕೆ ಉತ್ತರವಾಗಿ 12ರ ಬೆಳಗ್ಗೆ ಚೆನ್ನೈನಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿ, ರಾಮೇಶ್ವರದಲ್ಲಿ ಕರ್ನಾಟಕದ ಚಾಲಕನಿಗೆ ಏಟು. ಅದರ ವಿಡಿಯೊ ಇತ್ತ ಬಂತು. ಅದೇ ದಿನ ಕೋರ್ಟು 15,000ವನ್ನು 12,000ಕ್ಕೆ ಇಳಿಸಿ ಅವಧಿಯನ್ನು 20ರವರೆಗೆ ಹಿಗ್ಗಿಸಿತು. ಸಂಜೆ ಹೊತ್ತಿಗೆ ಬೆಂಗಳೂರಿನ ಒಂದು ಡಿಪೋದಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳು ಬೂದಿ. ಗೋಲಿಬಾರಿನಲ್ಲಿ ಸತ್ತವನು ಕನ್ನಡದ ಹುಡುಗನೇ. 1991ರಲ್ಲಿ ಸುದ್ದಿ ಹಬ್ಬಲು ಪತ್ರಿಕೆಯೋ ಗಾಳಿಮಾತೋ ಬೇಕಿತ್ತು. ಈಗ ಪ್ರತಿಯೊಬ್ಬನ ಜೇಬಿನಲ್ಲೂ ಒಂದು ಬೆಂಕಿಪೊಟ್ಟಣ.

ಆ ವಾರ ಮದ್ದೂರಿನ ಆಚೆ ಡಾಬಾ ಒಂದರ ಹಿಂದೆ, ಹುಣಸೆ ಮರದ ಕೆಳಗೆ, ಸೇಲಂ ಕಡೆಯ ಲಾರಿ ನಿಂತಿತ್ತು. ನಂಬರ್ ಪ್ಲೇಟಿಗೆ ಸಗಣಿ ಮೆತ್ತಿದ್ದರು. ಮೆತ್ತಿದ್ದು ಡಾಬಾದ ಗೌಡರೇ ಎಂದು ಆಮೇಲೆ ಗೊತ್ತಾಯಿತು. ಕ್ಲೀನರ್ ಹುಡುಗನಿಗೆ ಹದಿನೇಳೋ ಹದಿನೆಂಟೋ. ಟಾರ್ಪಾಲಿನ ಒಳಗೇ ಕೂತಿದ್ದ. ಲೋಡು ಈರುಳ್ಳಿ, ನಾಲ್ಕನೇ ದಿನಕ್ಕೆ ಕೆಳಗಿನ ಚೀಲಗಳಿಂದ ನೀರು ಸೋರಿ ವಾಸನೆ ಎದ್ದಿತ್ತು. ‘ಊಟಕ್ಕೇನು ಮಾಡ್ತಾವ್ರೆ?’ ಎಂದೆ. ‘ನಾವುಣ್ಣೋದೇ ಕೊಡ್ತೀವಿ ಕಣಣ್ಣ, ಮುದ್ದೆ ನುಂಗಕ್ಕೆ ಕಲ್ತವ್ನೆ’ ಎಂದರು ಗೌಡರು. ಬೆಳಗ್ಗೆ ಇದೇ ಗೌಡರು ರಸ್ತೆ ತಡೆಯಲ್ಲಿ ಕೂತು ಬಂದಿದ್ದರು, ಹಸಿರು ಶಾಲು ಇನ್ನೂ ಹೆಗಲ ಮೇಲಿತ್ತು. ಎರಡೂ ಕೆಲಸ ಒಂದೇ ದಿನ ಮಾಡಿದ್ದರಲ್ಲಿ ಅವರಿಗೆ ವಿರೋಧವೇನೂ ಕಂಡಿರಲಿಲ್ಲ.

ಬಂದ್ ಆದರೆ ನಷ್ಟ ಎಷ್ಟು ಕೋಟಿ ಎಂದು ಮರುದಿನ ಟೀವಿಯಲ್ಲಿ ಲೆಕ್ಕ ಬರುತ್ತದೆ. ಆ ಲೆಕ್ಕದಲ್ಲಿ ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದು ಗುಡಿಸಲು ಹಾಕಿಕೊಂಡವರ ಕೂಲಿ ಇರುವುದಿಲ್ಲ. ಗಾಡಿ ನಿಂತರೆ ಆಲೆಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಒಲೆ ಹೊತ್ತದಿದ್ದರೆ ಕೂಲಿ ಇಲ್ಲ. ಮಂಡ್ಯದ ರಸ್ತೆ ಮುಚ್ಚಿ ಬಸ್ಸು ಕನಕಪುರದ ಮೇಲೆ ಸುತ್ತಿ ಹೋಗುವಾಗ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟ ಬಾಣಂತಿಯೋ ಡಯಾಲಿಸಿಸ್‌ನವರೋ ಯಾವ ದಾರಿ ಹಿಡಿದರೆಂದು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಇನ್ನೊಂದು ಮಾತು ನನ್ನನ್ನು ಕಾಡುತ್ತದೆ. ಅದರ ಹಿಂದಿನ ವರ್ಷ, 2015ರಲ್ಲಿ, ರೈತರ ಆತ್ಮಹತ್ಯೆಗಳ ಸರಣಿಯೇ ನಡೆಯಿತು, ಅದರಲ್ಲಿ ಮಂಡ್ಯದ ಹೆಸರು ಮುಂದಿತ್ತು. ತನ್ನದೇ ಕಬ್ಬಿನ ಗದ್ದೆಗೆ ಬೆಂಕಿ ಹಚ್ಚಿ ಅದರೊಳಗೆ ಹಾರಿದವರಿದ್ದರು. ಕಬ್ಬಿನ ಬಾಕಿ, ಬಿದ್ದ ಬೆಲೆ, ಕೈಸಾಲ. ಆ ಸಾವುಗಳಿಗೆ ಹೆದ್ದಾರಿ ವಾರಗಟ್ಟಲೆ ನಿಲ್ಲಲಿಲ್ಲ. ಬೈಯಲು ಗಡಿಯಾಚೆ ಒಬ್ಬನಿದ್ದರೆ ಗಂಟಲು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ ಎಂದು ನನಗೆ ಅನ್ನಿಸಿದ್ದಿದೆ.

2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆದು ತಮಿಳುನಾಡಿಗೆ ಕೊಡಬೇಕಾದದ್ದು 192ರಿಂದ 177.25ಕ್ಕೆ ಇಳಿಯಿತು. ಈ ಹಂಚಿಕೆ ಹದಿನೈದು ವರ್ಷಕ್ಕೆ. ಪ್ರಾಧಿಕಾರ, ನಿಯಂತ್ರಣ ಸಮಿತಿಗಳು ಬಂದವು. ಇನ್ನು ಜಗಳ ಕಚೇರಿಯೊಳಗೆ ನಡೆಯುತ್ತದೆ ಎಂದುಕೊಂಡೆವು. 2023ರಲ್ಲಿ ಮಳೆ ಹೋಯಿತು, 5,000 ಕ್ಯುಸೆಕ್ ಬಿಡಿ ಎಂಬ ಆದೇಶ ಬಂತು, ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 26ಕ್ಕೆ ಬೆಂಗಳೂರು, 29ಕ್ಕೆ ಕರ್ನಾಟಕ. ಬಸ್ಸು ಸುಡಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯ.

ನಮ್ಮ ಪಕ್ಕದೂರಿನ ಒಬ್ಬರ ಮೇಲೆ 2016ರ ರಸ್ತೆ ತಡೆಯ ಕೇಸು ಇತ್ತು. ಎರಡು ಎಕರೆ ಗದ್ದೆ, ಎರಡು ಹಸು. ಅಂದು ಮೈಕು ಹಿಡಿದವರು ಬೇರೆ, ಪೊಲೀಸರ ಕೈಗೆ ಸಿಕ್ಕಿದವರು ಇವರು. ಕೇಸು ವಾಪಸ್ ತಗೋತಾರೆ ಎಂದು ಪ್ರತಿ ಚುನಾವಣೆಗೂ ಯಾರೋ ಒಬ್ಬರು ಹೇಳಿಹೋಗುತ್ತಿದ್ದರು. ವಾಯಿದೆ ಬಿದ್ದ ದಿನ ಹಾಲು ಕರೆದು ಡೇರಿಗೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಸ್ ಹತ್ತುತ್ತಿದ್ದರು. 2024ರಲ್ಲಿ ಕಟ್ಟೆ ತುಂಬಿ ಹೆಚ್ಚುವರಿ ನೀರನ್ನು ಹೊಳೆಗೆ ಬಿಟ್ಟ ವಾರವೂ ಹಾಗೇ ಹೋಗಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಏನಾಯ್ತೆಂದು ಕೇಳಿದೆ. ‘ಮುಂದುಕ್ಕಾಕವ್ರೆ ಕಣಪ್ಪ’ ಎಂದು ಹೇಳಿ, ಆ ದಿನದ ಪೇಪರು ಬಿಚ್ಚಿ ಕಟ್ಟೆಯ ಮಟ್ಟ ನೋಡತೊಡಗಿದರು.