ಕನ್ನಂಬಾಡಿ ಗೇಟು ತೆರೆದಾಗ ರಂಗನತಿಟ್ಟಿನಲ್ಲಿ ಏನಾಗುತ್ತದೆ?

ಕಾವೇರಿಯ ಕನ್ನಂಬಾಡಿ ಕಟ್ಟೆಯಲ್ಲಿ (ಕೆ.ಆರ್.ಎಸ್. ಅಣೆಕಟ್ಟು) ನೀರು 124.80 ಅಡಿಯ ಪೂರ್ಣ ಮಟ್ಟ ಮುಟ್ಟಿತೆಂದರೆ ಮಂಡ್ಯ, ಮೈಸೂರಿಗೆಲ್ಲ ಹಬ್ಬ. ಬಾಗಿನ ಬಿಡುತ್ತಾರೆ, ನಾಲೆಗೆ ನೀರು ಹರಿಯುತ್ತದೆ, ಭತ್ತದ ಒಟ್ಲು ಬೀಳುತ್ತದೆ. ಅದೇ ದಿನಗಳಲ್ಲಿ ಹೊಳೆಗೆ ಬಿಟ್ಟ ಹೆಚ್ಚುವರಿ ನೀರು ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು ಪಕ್ಷಿಧಾಮದ ಪುಟ್ಟ ನಡುಗಡ್ಡೆಗಳ ಅಂಚನ್ನು ಕೊರೆಯುತ್ತದೆ. ಕಳೆದ ಕೆಲವು ದಶಕಗಳ ನೆರೆಗೆ ಮೂರು ನಡುಗಡ್ಡೆಗಳು ಭಾಗಶಃ ಹಾಳಾಗಿವೆ.

ಈ ತಿಟ್ಟುಗಳು ಹುಟ್ಟಿದ್ದೇ ಒಂದು ಕಟ್ಟೆಯಿಂದ. 1645ರಿಂದ 1648ರ ನಡುವೆ, ರಣಧೀರ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಕಾವೇರಿಗೆ ಅಡ್ಡಲಾಗಿ ಒಡ್ಡು ಬಿತ್ತು. ಹಿಂದೆ ನೀರು ನಿಂತು, ಎತ್ತರದ ಬಂಡೆ, ದಿಬ್ಬಗಳಷ್ಟೇ ತಲೆ ಎತ್ತಿಕೊಂಡು ಉಳಿದವು. ಹರಿವು ನಿಧಾನವಾದಲ್ಲಿ ಹೂಳು ಕೂರುತ್ತದೆ; ಹೂಳಿನಲ್ಲಿ ಬಿದಿರು, ಹೊಳೆಮತ್ತಿ, ಕೇದಿಗೆ ಬೇರೂರಿದವು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ ಮೈಸೂರು ಅರಸರು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿದರು. ವಿಸ್ತೀರ್ಣ ಬರೀ 0.67 ಚದರ ಕಿ.ಮೀ.

ಆ ಹೊತ್ತಿಗೆ ಹೊಳೆಯ ಮೇಲ್ಗಡೆ ಕನ್ನಂಬಾಡಿ ಕಟ್ಟೆ ಎದ್ದಾಗಿತ್ತು; 1911ರಲ್ಲಿ ಶುರುವಾದ ಕೆಲಸ 1930ರ ದಶಕದ ಆರಂಭದಲ್ಲಿ ಮುಗಿದಿತ್ತು. ಅಂದರೆ ಪಕ್ಷಿಧಾಮ ಎನಿಸಿಕೊಂಡ ಮೊದಲ ದಿನದಿಂದಲೂ ಇಲ್ಲಿನ ನೀರಿನ ಮಟ್ಟವನ್ನು ಮಳೆಗಿಂತ ಹೆಚ್ಚಾಗಿ ಗೇಟುಗಳೇ ನಿರ್ಧರಿಸುತ್ತಿವೆ.

ಹಕ್ಕಿಗಳು ದಡದ ಮರ ಬಿಟ್ಟು ನಡುಗಡ್ಡೆಯನ್ನೇ ಆರಿಸುವುದಕ್ಕೆ ಕಾರಣ ಸುತ್ತಲಿನ ನೀರು. ಬೆಕ್ಕು, ನಾಯಿ, ಮನುಷ್ಯ ಯಾರೂ ಸುಲಭವಾಗಿ ದಾಟುವಂತಿಲ್ಲ. ದಾಟಲು ಹೋದರೆ ಮೊಸಳೆಗಳಿವೆ. ಗೂಡಿನಿಂದ ಜಾರಿಬಿದ್ದ ಮರಿ ಮೊಸಳೆಯ ಪಾಲಾಗುತ್ತದೆ ನಿಜ, ಆದರೆ ಇಡೀ ಮರದ ಗೂಡುಗಳಿಗೆ ಕಾವಲು ಅದೇ. ಹಾಗಾಗಿ ನೀರು ತೀರಾ ಇಳಿದರೂ ಕಷ್ಟ. 2023ರಂತೆ ಕಟ್ಟೆ ತುಂಬದ ವರ್ಷಗಳಲ್ಲಿ ಹೊಳೆ ಸೊರಗಿ ಬಂಡೆಗಳು ಮೇಲೆದ್ದರೆ, ಕಂದಕದ ನಡುವೆ ಕಾಲುದಾರಿ ಬಿದ್ದಂತೆ.

ನೆರೆಯಲ್ಲಿ ಮೊದಲು ಪೆಟ್ಟು ತಿನ್ನುವುದು ತಗ್ಗಿನವರು. ನದಿ ರೀವ (ರಿವರ್ ಟರ್ನ್) ಎಂಬ ಹಕ್ಕಿ ಗೂಡೇ ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಬರಿಯ ಬಂಡೆ ಅಥವಾ ಮರಳಿನ ತಗ್ಗಿನಲ್ಲಿ ಎರಡು ಮೂರು ಮೊಟ್ಟೆ ಇಡುತ್ತದೆ. ಬೂದು ಹಳದಿ ಚಿಪ್ಪಿನ ಮೇಲೆ ಕಂದು ಚುಕ್ಕೆ; ಎರಡು ಮಾರು ದೂರದಿಂದ ನೋಡಿದರೆ ಉರುಟು ಕಲ್ಲೇ ಸರಿ. ನೀರು ಒಂದು ಗೇಣು ಏರಿದರೂ ಅದು ಹೋಯಿತು. ಮೊಸಳೆಯೂ ಬೇಸಿಗೆಯಲ್ಲೇ ಮರಳ ದಂಡೆ ತೋಡಿ ಮೊಟ್ಟೆ ಇಡುತ್ತದೆ. ಮರಿ ಹೊರಬರಲು ಸುಮಾರು ಎರಡು ತಿಂಗಳು ಬೇಕು.

ಮರದ ಮೇಲಿನವರ ಲೆಕ್ಕ ಬೇರೆ. ಬಣ್ಣದ ಕೊಕ್ಕರೆ ಸುಮಾರು ಒಂದು ತಿಂಗಳು ಕಾವು ಕೊಡುತ್ತದೆ, ಮರಿ ಹಾರಲು ಇನ್ನೆರಡು ತಿಂಗಳು. ಏಪ್ರಿಲ್ ಕೊನೆಯಲ್ಲಿ ಮೊಟ್ಟೆ ಇಟ್ಟ ಗೂಡಿನಲ್ಲಿ ಜುಲೈ ಮಧ್ಯದಲ್ಲೂ ಹಾರಲಾರದ ಮರಿಗಳಿರುತ್ತವೆ. ಬಿಸಿಲಿಗೆ ರೆಕ್ಕೆ ಹರಡಿ ನೆರಳು ಕೊಡುತ್ತಾ ತಾಯಿ ನಿಂತಿರುವ ಕೊಂಬೆ, ನೀರಿನಿಂದ ಕೆಲವೇ ಅಡಿ ಮೇಲಿರುವುದುಂಟು. 2025ರಲ್ಲಿ ಕಟ್ಟೆ ಜೂನ್ ಕೊನೆಗೇ ತುಂಬಿತು. ಕಟ್ಟೆ ಬೇಗ ತುಂಬಿದಷ್ಟೂ ಇಂಥ ತಡವಾದ ಗೂಡುಗಳಿಗೆ ಅಪಾಯ ಹೆಚ್ಚು.

ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. 2019ರ ಆಗಸ್ಟ್‌ನಲ್ಲಿ ಹೊರಹರಿವು ಅದನ್ನೂ ದಾಟಿತ್ತು. ಅಂಥ ಹೊತ್ತಿನಲ್ಲಿ ದೋಣಿ ವಿಹಾರ ನಿಲ್ಲಿಸುವುದನ್ನು ಎಲ್ಲರೂ ಗಮನಿಸುತ್ತಾರೆ. ಕಣ್ಣಿಗೆ ಬೀಳದ ಹಾನಿ ನೀರು ಇಳಿಯುವಾಗಿನದು. ವಾರಗಟ್ಟಲೆ ನೆನೆದ ದಂಡೆಯ ಮಣ್ಣಿಗೆ ಹೊರಗಿನ ನೀರೇ ಒತ್ತಾಸೆ. ಗೇಟುಗಳನ್ನು ಒಮ್ಮೆಲೇ ಇಳಿಸಿದರೆ ಆಸರೆ ತಪ್ಪುತ್ತದೆ, ಒಳಗಿನ ನೀರಿನ ಭಾರಕ್ಕೆ ಅಂಚು ಹೋಳು ಹೋಳಾಗಿ ಕುಸಿಯುತ್ತದೆ, ಜೊತೆಗೆ ಗೂಡಿದ್ದ ಮರವೂ. ಆದ್ದರಿಂದ ನೀರು ಬಿಡುವಾಗ ತೋರುವ ಎಚ್ಚರವನ್ನು ನಿಲ್ಲಿಸುವಾಗಲೂ ತೋರಬೇಕು. ಹಂತ ಹಂತವಾಗಿ ಇಳಿಸಬೇಕು.

ಕೊರೆದ ಅಂಚಿಗೆ ಅರಣ್ಯ ಇಲಾಖೆ ಮರಳು ಮೂಟೆ ಜೋಡಿಸುತ್ತಾ ಬಂದಿದೆ. ಇದು ಬೇಕು, ಆದರೆ ತಾತ್ಕಾಲಿಕ. ಗೋಡೆಯಂತೆ ನೆಟ್ಟಗೆ ಪೇರಿಸಿದರೆ ಬುಡ ಕೊರೆದು ಉರುಳುತ್ತವೆ. ಒಳಕ್ಕೆ ವಾಲಿಸಿ, ಇಟ್ಟಿಗೆ ಕಟ್ಟಿದಂತೆ ಸಂದು ತಪ್ಪಿಸಿ ಇಡಬೇಕು. ಪ್ಲಾಸ್ಟಿಕ್ ಚೀಲವನ್ನು ಬಿಸಿಲು ತಿನ್ನುತ್ತದೆ, ಹರಿದ ಮೇಲೆ ಮರಳು ಹೊಳೆಗೇ ವಾಪಸು. ಆ ಚೀಲ ಹರಿಯುವುದರೊಳಗೆ ಹಿಂದೆ ಬೇರು ಹಿಡಿದಿರಬೇಕು: ನೀರಂಚಿಗೆ ಜೊಂಡು, ಅದರ ಮೇಲೆ ಬಿದಿರು, ಆಮೇಲೆ ಹೊಳೆಮತ್ತಿ. ಜೂನ್‌ನಲ್ಲಿ ನೆಟ್ಟ ಸಸಿಯನ್ನು ಜುಲೈ ನೆರೆ ಕಿತ್ತೊಯ್ಯುತ್ತದೆ. ನೆರೆ ಇಳಿದ ಕೂಡಲೇ, ಹಸಿ ಆರುವ ಮೊದಲು ನೆಟ್ಟರೆ ಮುಂದಿನ ಗೇಟು ತೆರೆಯುವವರೆಗೆ ಎಂಟು ಒಂಬತ್ತು ತಿಂಗಳು ಸಿಗುತ್ತದೆ. ಗೂಡು ಕಟ್ಟುವ ಕಾಲಕ್ಕೆ ಮುಂಚೆ ಕೆಲಸವೂ ಮುಗಿದಿರುತ್ತದೆ.

2014ರಿಂದ ಇಲಾಖೆ ಸುತ್ತಲಿನ ಖಾಸಗಿ ಜಮೀನನ್ನೂ ಕೊಳ್ಳುತ್ತಿದೆ. 2022ರಲ್ಲಿ ರಂಗನತಿಟ್ಟು ರಾಜ್ಯದ ಮೊದಲ ರಾಮ್‌ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ಅದರ ಗಡಿಯೊಳಗೆ ಸುಮಾರು 517 ಹೆಕ್ಟೇರ್ ಬರುತ್ತದೆ, ಅಂದರೆ ಹಳೆಯ ಪಕ್ಷಿಧಾಮದ ಏಳು ಪಟ್ಟಿಗೂ ಹೆಚ್ಚು. ಹೊಳೆಯ ದಂಡೆಯಲ್ಲೂ ಬಿದಿರು, ಹೊಳೆಮತ್ತಿ ಬೆಳೆಸಲು ಈಗ ಜಾಗವಿದೆ. ತಿಟ್ಟು ಮುಳುಗಿದ ವರ್ಷ ನೀರುಕಾಗೆಗೂ ಬೆಳ್ಳಕ್ಕಿಗೂ ಕೂರಲು ಅಲ್ಲೊಂದು ಮರ ಸಿಗುತ್ತದೆ.