ಭಾರ ಹೊತ್ತವರು ಯಾರು?

ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸಿ ಸಮಾಧಿಗೆ ಒಯ್ಯುವ ದೃಶ್ಯವನ್ನು ಇಟಲಿಯಲ್ಲಿ ಎಷ್ಟೋ ಚಿತ್ರಕಾರರು ಬರೆದಿದ್ದಾರೆ. ಕಲಾ ಇತಿಹಾಸ ಮತ್ತು ಲೈಫ್ ಡ್ರಾಯಿಂಗ್ (ಮಾಡೆಲ್ ನೋಡಿ ಬರೆಯುವುದು) ಎರಡನ್ನೂ ಕಲಿಸುವ ನನ್ನಂಥವರಿಗೆ ಇದು ಬಹಳ ಅನುಕೂಲದ ವಿಷಯ. ಕಥೆ ಒಂದೇ, ಪಾತ್ರಗಳು ಅವೇ. ಹಾಗಾಗಿ ಕಾಲದಿಂದ ಕಾಲಕ್ಕೆ ಏನು ಬದಲಾಯಿತು ಅನ್ನುವುದು ಥಟ್ಟನೆ ಕಾಣುತ್ತದೆ.

ಇಟಲಿಯ ಕಲೆಯಲ್ಲಿ ಒಂದರ ನಂತರ ಒಂದು ಬಂದ ಶೈಲಿಗಳು ರಿನೇಸಾನ್ಸ್, ಮ್ಯಾನರಿಸಂ, ಬರೋಕ್. ಈ ಮೂರರಲ್ಲಿ ನಡುವಿನದ್ದೇ ವಿದ್ಯಾರ್ಥಿಗಳಿಗೆ ತಲೆನೋವು. ನೋಟ್ಸ್‌ನಲ್ಲಿ ‘ಉದ್ದ ಕತ್ತು, ತಿರುಚಿದ ಮೈ, ವಿಚಿತ್ರ ಬಣ್ಣ’ ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ. ನಾನು ಆ ಪಟ್ಟಿ ಕೊಡುವುದಿಲ್ಲ. ಚಿತ್ರ ತೋರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ಇಲ್ಲಿ ಭಾರ ಹೊತ್ತವರು ಯಾರು?

ರಾಫೆಲ್‌ನ ಚಿತ್ರದಲ್ಲಿ ಉತ್ತರ ಸುಲಭ. 1507ರಲ್ಲಿ, ಕೊಲೆಯಾದ ಮಗನ ನೆನಪಿಗಾಗಿ ಅಟಲಾಂಟಾ ಬಾಲ್ಯೋನಿ ಎಂಬ ತಾಯಿ ಪೆರೂಜಾದ ಚರ್ಚಿಗೆ ಬರೆಸಿದ ಚಿತ್ರ ಅದು. ಇಬ್ಬರು ಗಂಡಸರು ಬಟ್ಟೆಯ ಎರಡು ತುದಿ ಹಿಡಿದು ದೇಹವನ್ನು ಎತ್ತಿದ್ದಾರೆ. ಭಾರಕ್ಕೆ ಇಬ್ಬರೂ ಹಿಂದಕ್ಕೆ ವಾಲಿದ್ದಾರೆ. ಬಟ್ಟೆ ಬಿಗಿದಿದೆ, ಪಾದಗಳು ನೆಲ ಕಚ್ಚಿವೆ. ಲೆಕ್ಕ ಎಲ್ಲೂ ತಪ್ಪುವುದಿಲ್ಲ. ಆದರೆ ಬಲಗಡೆ ನೋಡಿ. ಮೂರ್ಛೆ ಹೋಗುತ್ತಿರುವ ಮರಿಯಳನ್ನು ಹಿಡಿಯಲು ಒಬ್ಬ ಹೆಂಗಸು ಮಂಡಿಯೂರಿ ಕೂತು, ಸೊಂಟದಿಂದ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿದ್ದಾಳೆ. ಸುಮ್ನೆ ಹಿಡಿಯುವುದಕ್ಕೆ ಅಷ್ಟು ತಿರುಚಬೇಕಿಲ್ಲ. ಈ ಭಂಗಿಯನ್ನು ರಾಫೆಲ್ ಮೈಕೆಲಾಂಜೆಲೊ ದೋನಿ ಎಂಬ ಮನೆತನಕ್ಕೆ ಬರೆದ ಚಿತ್ರದ ಮರಿಯಳಿಂದ ತೆಗೆದುಕೊಂಡ. ಎದುರಿಗೆ ಕೂತ ಮಾಡೆಲ್‌ಗಿಂತ ಇನ್ನೊಬ್ಬ ಚಿತ್ರಕಾರನ ಕೆಲಸ ಅವನಿಗೆ ಅಲ್ಲಿ ದೊಡ್ಡದಾಗಿ ಕಂಡಿತು. ಮ್ಯಾನರಿಸಂನ ಬೀಜ ನನಗೆ ಕಾಣುವುದು ಅಲ್ಲೇ, ರಿನೇಸಾನ್ಸ್‌ನ ಹೊಟ್ಟೆಯೊಳಗೇ.

ಈಗ ಮ್ಯಾನರಿಸಂನ ಪೊಂಟೊರ್ಮೊ. ಫ್ಲಾರೆನ್ಸಿನ ಸಾಂತಾ ಫೆಲಿಚಿತಾ ಚರ್ಚಿನೊಳಗಿನ ಪುಟ್ಟ ಪ್ರಾರ್ಥನಾ ಕೋಣೆ, ಕಪ್ಪೋನಿ ಚಾಪೆಲ್‌ಗೆ ಅವನು 1525ರಿಂದ 1528ರ ನಡುವೆ ಬರೆದ ಚಿತ್ರವಿದು. ಚಾಪೆಲ್ ಮುಚ್ಚಿಕೊಂಡು, ಯಾರನ್ನೂ ಒಳಗೆ ಬಿಡದೆ ಕೆಲಸ ಮಾಡಿದ ಅಂತ ಆ ಕಾಲದ ಕಲಾವಿದರ ಜೀವನಕಥೆ ಬರೆದ ವಸಾರಿ ಹೇಳುತ್ತಾನೆ. ಚಿತ್ರದಲ್ಲಿ ಶಿಲುಬೆ ಇಲ್ಲ, ಸಮಾಧಿ ಇಲ್ಲ. ಎಲ್ಲೋ ಮೇಲೆ ಒಂದು ಮೋಡ, ಕೆಳಗೆ ಒಂದಿಷ್ಟು ನೆಲ. ಮೂರು ಮೀಟರ್ ಎತ್ತರದ ಹಲಗೆಯ ತುಂಬ ಬರೀ ಜನ, ಒಬ್ಬರ ಮೇಲೊಬ್ಬರು. ಮೇಲಿನವರು ಯಾವುದರ ಮೇಲೆ ನಿಂತಿದ್ದಾರೆ? ಗೊತ್ತಾಗುವುದೇ ಇಲ್ಲ. ಮುಂದೆ ಒಬ್ಬ ಹುಡುಗ ಯೇಸುವಿನ ಕಾಲುಗಳ ಕಡೆ ಭಾರ ಹೊತ್ತಿದ್ದಾನೆ. ತುದಿಗಾಲಿನಲ್ಲಿ ಕುಕ್ಕರಗಾಲು ಹಾಕಿದ್ದಾನೆ! ಮುಖ ನಮ್ಮ ಕಡೆ. ಅದರಲ್ಲಿ ದುಃಖ ಇದೆ, ಗಾಬರಿ ಇದೆ, ಭಾರ ಎತ್ತಿದವನ ಏದುಸಿರು ಮಾತ್ರ ಇಲ್ಲ.

ಈ ಭಂಗಿಯಲ್ಲಿ ಕೂರಲು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬರೀ ಕೈಯಲ್ಲೇ ತೂರಾಡುತ್ತಾರೆ. ಇನ್ನೊಬ್ಬರನ್ನು ಹೊರುವ ಮಾತು ದೂರವೇ ಉಳಿಯಿತು. ಆಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, “ಸರ್, ಇವನಿಗೆ ಅನಾಟಮಿ ಬರ್ತಿರಲಿಲ್ವಾ?” ಚೆನ್ನಾಗಿಯೇ ಬರುತ್ತಿತ್ತು. ಅವನ ಸ್ಕೆಚ್‌ಗಳನ್ನು ನೋಡಿದರೆ ಆ ಅನುಮಾನ ಉಳಿಯುವುದಿಲ್ಲ. ಭಾರವನ್ನು ಬೇಕೆಂದೇ ತೆಗೆದುಹಾಕಿದ್ದಾನೆ. ನೆಲ ತೆಗೆದ, ಆಳ ತೆಗೆದ, ಕೊನೆಗೆ ನೆರಳನ್ನೂ ತೆಗೆದ. ನೆರಳಿಲ್ಲದೆ ಬರೆದಿದ್ದಾನೆ, ಬೆಳಕು ಯಾವುದು ನಡುಬಣ್ಣ ಯಾವುದು ತಿಳಿಯುವುದಿಲ್ಲ ಅಂತ ವಸಾರಿ ಆಗಲೇ ಗೊಣಗಿದ್ದ. ಗುಲಾಬಿ, ತಿಳಿನೀಲಿ, ತಿಳಿಹಸಿರು ಮಾತ್ರ ಉಳಿದವು. ಮಬ್ಬು ಬೆಳಕಿನ ಆ ಮೂಲೆಯಲ್ಲಿ ತಿಳಿ ಬಣ್ಣಗಳೇ ಎದ್ದು ಕಾಣುವುದು, ಅದೂ ಒಂದು ಲೆಕ್ಕ ಇರಬೇಕು.

ಇದಕ್ಕೆ ಕಾರಣ ಕೇಳಿದರೆ ಹಲವರು 1527ರ ಕಡೆ ಕೈತೋರಿಸುತ್ತಾರೆ. ಆ ವರ್ಷ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನಿಕರು ರೋಮ್ ನಗರವನ್ನು ಸೂರೆ ಮಾಡಿದರು. ಲೋಕ ಕುಸಿಯಿತು, ಚಿತ್ರವೂ ಕುಸಿಯಿತು ಅನ್ನುವ ವಿವರಣೆ ಕೇಳಲು ಚೆನ್ನ. ನನಗೆ ಒಪ್ಪಿಗೆಯಿಲ್ಲ. ಪೊಂಟೊರ್ಮೊ ಈ ಕೆಲಸ ಶುರು ಮಾಡಿದ್ದು ಅದಕ್ಕೂ ಮೊದಲು. ಅವನ ಗೆಳೆಯ ರೊಸ್ಸೊ ವೊಲ್ತೆರಾದಲ್ಲಿ ಇದೇ ದೃಶ್ಯವನ್ನು ಇನ್ನೂ ವಿಚಿತ್ರವಾಗಿ ಬರೆದದ್ದು 1521ರಲ್ಲಿ. ನಿಜವಾದ ಕಾರಣ ಕಸುಬಿನ ಒಳಗೇ ಇದೆ ಅಂತ ನನ್ನ ನಂಬಿಕೆ. ಪರ್ಸ್‌ಪೆಕ್ಟಿವ್, ಅನಾಟಮಿ, ಕಾಂಪೊಸಿಷನ್, ಎಲ್ಲ ಗಂಟುಗಳನ್ನೂ ಹಿಂದಿನವರು ಬಿಚ್ಚಿಟ್ಟಿದ್ದರು. ಲಿಯೊನಾರ್ಡೊ 1519ರಲ್ಲಿ, ರಾಫೆಲ್ 1520ರಲ್ಲಿ ತೀರಿಕೊಂಡರು. ಆಗ 25ರ ಆಸುಪಾಸಿನಲ್ಲಿದ್ದ ಹುಡುಗರು ಕಣ್ಣು ಬಿಟ್ಟಾಗ ಎದುರಿಗೆ ಇದ್ದದ್ದು ನಿಸರ್ಗಕ್ಕಿಂತ ಜಾಸ್ತಿ ಮೈಕೆಲಾಂಜೆಲೊ ಬರೆದ ಸಿಸ್ಟೈನ್ ಚಾಪೆಲ್‌ನ ಚಾವಣಿ. ಅದನ್ನೇ ಮತ್ತೆ ಬರೆಯುವುದರಲ್ಲಿ ಏನಿದೆ? ನಿಯಮ ಗೊತ್ತಿದ್ದವರು ನಿಯಮದ ಜೊತೆ ಆಟಕ್ಕಿಳಿದರು.

ಆಟ ಮುಂದೆ ಬರೀ ಸೊಗಸಿಗೂ ಹೋಯಿತು. ಪಾರ್ಮಿಜಾನಿನೊನ ಉದ್ದ ಕತ್ತಿನ ಮರಿಯಳ ಮಡಿಲಿನಿಂದ ಮಗು ಇನ್ನೇನು ಜಾರಿಬೀಳುವಂತಿದೆ, ತಾಯಿಗೆ ಅದರ ಚಿಂತೆಯೇ ಇಲ್ಲ. ಆಸ್ಥಾನದ ಚಿತ್ರಕಾರರ ಕೈಯಲ್ಲಿ ಈ ಶೈಲಿ ಎಷ್ಟೋ ಸಲ ಬರೀ ಬೆಡಗಾಯಿತು ಅನ್ನುವ ದೂರು ಸುಳ್ಳಲ್ಲ.

ಬೆಡಗು ಚರ್ಚಿಗೆ ಬೇಕಿರಲಿಲ್ಲ. ಪ್ರಾಟೆಸ್ಟೆಂಟರು ಚಿತ್ರಗಳೇ ಬೇಡ ಅನ್ನುತ್ತಿದ್ದ ಕಾಲ ಅದು. 1563ರ ಡಿಸೆಂಬರಿನಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆ, ಚಿತ್ರಗಳು ಜನರಿಗೆ ಧರ್ಮ ತಿಳಿಸಬೇಕು, ರೂಢಿಯಲ್ಲಿಲ್ಲದ ಚಿತ್ರ ಇಡಬೇಕಾದರೆ ಬಿಷಪ್ಪರ ಒಪ್ಪಿಗೆ ಬೇಕು ಅಂತ ತೀರ್ಮಾನಿಸಿತು. ಅದರ ಫಲ ಮರುದಿನವೇ ಕಾಣಲಿಲ್ಲ. 1580ರ ದಶಕದಲ್ಲಿ ಬೊಲೋನ್ಯದ ಕರಾಚಿ ಅಣ್ಣತಮ್ಮಂದಿರು ಮತ್ತೆ ಮಾಡೆಲ್ ಕೂರಿಸಿಕೊಂಡು ಬರೆಯತೊಡಗಿದರು. ಅನ್ನಿಬಾಲೆ ಕರಾಚಿಯಂತೂ, ಬಟ್ಟಲಿನಿಂದ ಬೀನ್ಸ್ ತಿನ್ನುತ್ತಾ ಚಮಚ ಬಾಯಿಗೆ ಇಡುವಷ್ಟರಲ್ಲಿ ತಲೆಯೆತ್ತಿ ನಮ್ಮನ್ನು ನೋಡುವ ಕೂಲಿಯವನನ್ನೇ ಬರೆದ.

ಆಮೇಲೆ ಬಂದ ಕಾರವಾಜೊ. ರೋಮಿನ ಕಿಯೆಸಾ ನುವೊವಾ ಚರ್ಚಿಗೆ 1603ರ ಹೊತ್ತಿಗೆ ಅವನು ಬರೆದ ಸಮಾಧಿ ದೃಶ್ಯದಲ್ಲಿ ಭಾರ ವಾಪಸ್ ಬಂದಿದೆ, ರಾಫೆಲ್‌ನಲ್ಲಿ ಇದ್ದದ್ದಕ್ಕಿಂತ ಜಾಸ್ತಿಯಾಗಿ. ಯೇಸುವನ್ನು ಸಮಾಧಿ ಮಾಡಲು ನೆರವಾದ ನಿಕೊದೇಮ ಬರಿಗಾಲಿನಲ್ಲಿ ನಿಂತು, ಬಗ್ಗಿ, ಯೇಸುವಿನ ಮಂಡಿಗಳನ್ನು ತಬ್ಬಿ ಹಿಡಿದಿದ್ದಾನೆ. ಅವನ ಮೊಣಕೈ ನಮ್ಮ ಕಡೆ ಚಾಚಿದೆ. ಶಿಷ್ಯ ಯೋಹಾನನ ಕೈ ಬೆನ್ನಿನಡಿಯಿಂದ ಬಂದು ಪಕ್ಕೆಯ ಗಾಯಕ್ಕೇ ತಗಲುತ್ತದೆ. ಎತ್ತುವಾಗ ಹಾಗೆ ಆಗುತ್ತದಲ್ವಾ, ಎಲ್ಲಿ ಹಿಡಿತ ಸಿಕ್ಕಿತೋ ಅಲ್ಲಿ. ಎಲ್ಲರೂ ನಿಂತಿರುವುದು ಒಂದು ಕಲ್ಲುಚಪ್ಪಡಿಯ ಮೇಲೆ, ಅದರ ಮೂಲೆ ಚಿತ್ರದಿಂದ ಹೊರಗೆ ಬಂದಂತಿದೆ. ರಾಫೆಲ್‌ನಲ್ಲಿ ಭಾರ ಚಿತ್ರದೊಳಗೇ ಇತ್ತು. ಇಲ್ಲಿ ಅದನ್ನು ನಮ್ಮ ಕಡೆಗೇ ಇಳಿಸುತ್ತಿದ್ದಾರೆ.

ಹಾಗಂತ, ಕರಾಚಿ, ಕಾರವಾಜೊ ಇವರಿಂದ ಶುರುವಾದ ಬರೋಕ್ ಅಂದರೆ ಮ್ಯಾನರಿಸಂ ಅಳಿಸಿ ಹಳೆಯದಕ್ಕೆ ಮರಳಿದ್ದು ಅಂತ ತಿಳಿಯಬಾರದು. ಶಿಲ್ಪ ನೋಡಿದರೆ ಇದು ಗೊತ್ತಾಗುತ್ತದೆ. ಫ್ಲಾರೆನ್ಸಿನ ಚೌಕದಲ್ಲಿ ಜಾಂಬೊಲೊನ್ಯನ ಮೂವರ ಶಿಲ್ಪವಿದೆ, 1583ರದ್ದು. ಕೆಳಗೆ ಮುದುಕ, ನಡುವೆ ಯುವಕ, ಅವನ ತೋಳಿನಲ್ಲಿ ಮೇಲಕ್ಕೆ ಚಿಮ್ಮಿದ ಹೆಣ್ಣು. ನಾಲ್ಕು ಮೀಟರ್ ಎತ್ತರ, ಒಂದೇ ಅಮೃತಶಿಲೆ. ಸುರುಳಿಯಂತೆ ಮೇಲೇರುತ್ತದೆ, ಸುತ್ತು ಹಾಕದೆ ಪೂರ್ತಿ ಸಿಗುವುದಿಲ್ಲ. ಕಥೆ ಯಾವುದು ಅನ್ನುವುದು ಅವನಿಗೆ ಮುಖ್ಯವೇ ಆಗಿರಲಿಲ್ಲ. ರೋಮನ್ ದಂತಕಥೆಯ ‘ಸಬೈನ್ ಹೆಣ್ಣಿನ ಅಪಹರಣ’ ಅನ್ನುವ ಹೆಸರು ಕೆಲಸ ಮುಗಿದ ಮೇಲೆ ಬಂದದ್ದು.

ಬರ್ನಿನಿ 23ರ ವಯಸ್ಸಿಗೆಲ್ಲ ಪ್ರೊಸೆರ್ಪಿನಾಳ ಅಪಹರಣವನ್ನು ಕಡೆದು ಮುಗಿಸಿದ್ದ, 1622ರಲ್ಲಿ. ಆ ಸುರುಳಿ ಅಲ್ಲೂ ಇದೆ, ಜಾಂಬೊಲೊನ್ಯ ಇಲ್ಲದೆ ಅದು ಹುಟ್ಟುತ್ತಿರಲಿಲ್ಲ. ಆದರೆ ಅವಳನ್ನು ಹೊತ್ತೊಯ್ಯುವ ಪಾತಾಳದ ದೇವರು ಪ್ಲೂಟೊನ ಬೆರಳುಗಳು ಅವಳ ತೊಡೆಯೊಳಗೆ ಹೂತಿವೆ. ಅವಳ ಅಂಗೈ ಅವನ ಮುಖವನ್ನು ನೂಕಿದ ಕಡೆ ಕಣ್ಣಿನ ಪಕ್ಕದ ಚರ್ಮ ಸುಕ್ಕಾಗಿದೆ. ಅದೇ ತಿರುಚು, ಈಗ ಮಾಂಸದ ಭಾರದ ಜೊತೆ.

ಎಲ್ಲರೂ ಈ ಗೆರೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಟಿಂಟೊರೆಟ್ಟೊನ ಕಡೆಯ ಭೋಜನ, 1594ರದ್ದು, ಓರೆಯಾಗಿ ಓಡುವ ಮೇಜು, ಹೊಗೆಯಲ್ಲಿ ಹಾರುವ ದೇವದೂತರು, ಪಕ್ಕದಲ್ಲೇ ಊಟದ ಸಾಮಾನು ಎತ್ತುವ ಆಳುಗಳು. ಅರ್ಧ ಮ್ಯಾನರಿಸಂ, ಅರ್ಧ ಬರೋಕ್. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಯಾವ ಕಡೆ ಬರೆದರೂ, ಕಾರಣ ಚೆನ್ನಾಗಿ ಕೊಟ್ಟಿದ್ದರೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇಟಲಿಗೆ ಹೋಗುವವರಿಗೆ ಒಂದು ಮಾತು. ರಾಫೆಲ್‌ನ ಚಿತ್ರವೂ ಬರ್ನಿನಿಯ ಪ್ರೊಸೆರ್ಪಿನಾಳೂ ರೋಮಿನ ಬೊರ್ಗೇಸೆ ಗ್ಯಾಲರಿಯಲ್ಲಿ ಒಂದೇ ಸೂರಿನಡಿ ಇವೆ. ಕಾರವಾಜೊನದ್ದು ವ್ಯಾಟಿಕನ್ನಿನ ಚಿತ್ರಶಾಲೆಯಲ್ಲಿದೆ, ಚರ್ಚಿನಲ್ಲಿ ಈಗ ಇರುವುದು ಅದರ ನಕಲು. ಪೊಂಟೊರ್ಮೊನದ್ದು ಮಾತ್ರ ಬರೆದ ಚಾಪೆಲ್‌ನಲ್ಲೇ ಇದೆ, ಪಾಂಟೆ ವೆಕ್ಕಿಯೊ ಸೇತುವೆ ದಾಟಿದರೆ ಕೆಲವೇ ಹೆಜ್ಜೆ.