ಪೋರ್ಟ್ ಫಾರ್ವರ್ಡ್ ಮಾಡಿದರೂ ಗೆಳೆಯರಿಗೆ ಆಟ ಸೇರಲಾಗುತ್ತಿಲ್ಲ, ಏಕೆ?

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಸರ್ವರ್ ನಡೆಸುತ್ತಿದ್ದೇನೆ. ರೂಟರ್‌ನಲ್ಲಿ 25565ನೇ ಪೋರ್ಟನ್ನು ಫಾರ್ವರ್ಡ್ ಮಾಡಿದ್ದೇನೆ. ಮನೆಯಲ್ಲಿರುವವರು ಆಟಕ್ಕೆ ಸೇರಿಕೊಳ್ಳುತ್ತಾರೆ, ಹೊರಗಿನ ಗೆಳೆಯರಿಗೆ ಮಾತ್ರ ಸಂಪರ್ಕ ಸಿಗುತ್ತಿಲ್ಲ. ಎಲ್ಲಿ ತಪ್ಪಾಗಿದೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಮನೆಯ ಇನ್ನೊಂದು ಕಂಪ್ಯೂಟರಿನಿಂದ ಆಟ ಸೇರಲು ಆಗುತ್ತಿದೆ ಎಂದಾದರೆ ಸರ್ವರ್ ಸರಿಯಾಗಿ ಓಡುತ್ತಿದೆ, ಅದಿರುವ ಕಂಪ್ಯೂಟರಿನ ಫೈರ್‌ವಾಲ್ ಕೂಡ ಬಹುಮಟ್ಟಿಗೆ ದಾರಿ ಬಿಟ್ಟಿದೆ ಎಂದು ತಿಳಿಯಬಹುದು. (ಸರ್ವರ್ ಇರುವ ಕಂಪ್ಯೂಟರಿನಲ್ಲೇ ಕುಳಿತು ಸೇರಿ ನೋಡಿದ್ದರೆ ಈ ಮಾತು ಅನ್ವಯಿಸದು, ಮೊದಲು ಬೇರೊಂದು ಕಂಪ್ಯೂಟರಿನಿಂದ ಪರೀಕ್ಷಿಸಿ.) ಉಳಿದದ್ದು ರೂಟರ್ ಮತ್ತು ಅದರಾಚೆಗಿನ ದಾರಿ. ನಾನು ಕಂಡ ಮಟ್ಟಿಗೆ ಹೆಚ್ಚಿನವರು ಫಾರ್ವರ್ಡಿಂಗ್ ಪುಟದಲ್ಲಿನ ಅದೇ ಒಂದು ಸಾಲನ್ನು ಮತ್ತೆ ಮತ್ತೆ ಅಳಿಸಿ ಬರೆಯುತ್ತ ಗಂಟೆಗಟ್ಟಲೆ ಕಳೆಯುತ್ತಾರೆ. ಬಹಳ ಸಲ ದೋಷವಿರುವುದು ಆ ಪುಟದಲ್ಲಲ್ಲ.

ಮನೆಯ ರೂಟರ್ ಹೊರಜಗತ್ತಿಗೆ ಒಂದೇ ವಿಳಾಸವನ್ನು ತೋರಿಸುತ್ತದೆ. ಒಳಗಿನ ಫೋನು, ಕಂಪ್ಯೂಟರು, ಗೇಮ್ ಕನ್ಸೋಲ್‌ಗಳಿಗೆ 192.168 ಅಥವಾ 10ರಿಂದ ಶುರುವಾಗುವ ಖಾಸಗಿ ವಿಳಾಸಗಳನ್ನು ಅದೇ ಹಂಚಿರುತ್ತದೆ. ಒಳಗಿನಿಂದ ಯಾರಾದರೂ ಹೊರಗೆ ಏನನ್ನಾದರೂ ಕೇಳಿದರೆ ಯಾರು ಕೇಳಿದರು ಎಂಬುದನ್ನು ರೂಟರ್ ನೆನಪಿಟ್ಟುಕೊಂಡು, ಬಂದ ಉತ್ತರವನ್ನು ಅವರಿಗೇ ತಲುಪಿಸುತ್ತದೆ. ಈ ವಿಳಾಸ ಬದಲಾವಣೆಗೆ ನ್ಯಾಟ್ ಎಂದು ಹೆಸರು. ಆದರೆ ನಿಮ್ಮ ಗೆಳೆಯ ಹೊರಗಿನಿಂದ ತಾನಾಗಿ ಬಂದು ಬಾಗಿಲು ತಟ್ಟಿದಾಗ, ಒಳಗೆ ಯಾರೂ ಅವನನ್ನು ಕರೆದ ದಾಖಲೆ ಇಲ್ಲದಿರುವುದರಿಂದ ರೂಟರ್ ಆ ಕೋರಿಕೆಯನ್ನು ಸುಮ್ಮನೆ ಕೈಬಿಡುತ್ತದೆ. 25565ನೇ ಪೋರ್ಟಿಗೆ, ಅಂದರೆ ಆಟದ ಸರ್ವರ್ ಕೇಳಿಸಿಕೊಳ್ಳುವ ಸಂಖ್ಯೆಯ ಬಾಗಿಲಿಗೆ, ಬರುವುದೆಲ್ಲವನ್ನೂ ಇಂಥ ಕಂಪ್ಯೂಟರಿಗೆ ಕೊಡು ಎಂದು ಮೊದಲೇ ಹೇಳಿಡುವುದೇ ಪೋರ್ಟ್ ಫಾರ್ವರ್ಡಿಂಗ್.

ಹಾಗೆ ಹೇಳಿಟ್ಟರೂ ಆ ಕೋರಿಕೆ ನಿಮ್ಮ ರೂಟರ್‌ವರೆಗೆ ಬಂದು ಮುಟ್ಟಬೇಕಷ್ಟೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಇದು: ರೂಟರ್‌ನ ಸ್ಟೇಟಸ್ ಪುಟ ತೆರೆದು ಅಲ್ಲಿ ವ್ಯಾನ್ ಅಥವಾ ಇಂಟರ್ನೆಟ್ ಐಪಿ ಎಂದು ತೋರಿಸುವ ಸಂಖ್ಯೆಯನ್ನು ಬರೆದುಕೊಳ್ಳಿ. ಆಮೇಲೆ ಮನೆಯ ವೈಫೈಯಲ್ಲೇ ಇದ್ದು, ನಿಮ್ಮ ಐಪಿ ವಿಳಾಸ ಯಾವುದು ಎಂದು ತಿಳಿಸುವ ಯಾವುದಾದರೂ ಜಾಲತಾಣವನ್ನು ತೆರೆದು ಅಲ್ಲಿನ ಐಪಿವಿ4 ವಿಳಾಸದೊಂದಿಗೆ (ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳದ್ದು) ಹೋಲಿಸಿ. ಎರಡೂ ಒಂದೇ ಆಗಿದ್ದರೆ ಮುಂದುವರಿಯಬಹುದು. ಬೇರೆಯಾಗಿದ್ದರೆ ನಿಮ್ಮ ರೂಟರ್‌ಗೂ ಇಂಟರ್ನೆಟ್‌ಗೂ ನಡುವೆ ಇನ್ನೊಂದು ನ್ಯಾಟ್ ಇದೆ, ಮತ್ತು ಅದಕ್ಕೆ ನಿಮ್ಮ ಸೂಚನೆಯ ಸುಳಿವೇ ಇಲ್ಲ.

ರೂಟರ್ ತೋರಿಸುವ ಸಂಖ್ಯೆ 192.168ರಿಂದ ಆರಂಭವಾಗಿದ್ದರೆ, ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿ ಕೊಟ್ಟ ಮೋಡೆಮ್ ಕೂಡ ರೂಟರ್‌ನಂತೆ ಕೆಲಸ ಮಾಡುತ್ತಿದೆ ಎಂದರ್ಥ. ಆ ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೇ ದಾಟಿಸುವ ಸ್ಥಿತಿಗೆ, ಹಾಕಿಸಿದರೆ ಸಾಕು. ಸಂಖ್ಯೆ 100.64ರಿಂದ 100.127ರ ನಡುವೆ ಇದ್ದರೆ ವಿಷಯ ಬೇರೆ. ಐಪಿವಿ4 ಪದ್ಧತಿಯಲ್ಲಿ ಒಟ್ಟು ಇರುವುದೇ ಸುಮಾರು 430 ಕೋಟಿ ವಿಳಾಸಗಳು. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಖಾಲಿಯಾಯಿತು. ಹೀಗಾಗಿ ಅನೇಕ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ, ಮತ್ತು ಈ ವ್ಯವಸ್ಥೆಗೆಂದೇ 2012ರಲ್ಲಿ ಮೇಲಿನ ಸಂಖ್ಯೆಗಳನ್ನು ಮೀಸಲಿಡಲಾಯಿತು. ಸಿಜಿನ್ಯಾಟ್ ಎಂದು ಕರೆಯುವ ಇದರ ಹಿಂದೆ ನೀವಿದ್ದರೆ ನಿಮ್ಮ ರೂಟರ್‌ನಲ್ಲಿ ಏನು ಬರೆದರೂ ಪ್ರಯೋಜನವಿಲ್ಲ. ಕಂಪನಿಯನ್ನು ಕೇಳಿ ಸಾರ್ವಜನಿಕ ಐಪಿ ಪಡೆಯಬೇಕು, ಇಲ್ಲವೇ ಟೇಲ್‌ಸ್ಕೇಲ್, ಝೀರೋಟಿಯರ್‌ನಂಥ ತಂತ್ರಾಂಶದಿಂದ ಗೆಳೆಯರ ಕಂಪ್ಯೂಟರುಗಳನ್ನೆಲ್ಲ ಒಂದೇ ಖಾಸಗಿ ಜಾಲಕ್ಕೆ ಸೇರಿಸಬೇಕು. ನಾಲ್ಕೈದು ಜನ ಪರಿಚಿತರು ಮಾತ್ರ ಆಡುವುದಾದರೆ ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಯಾವ ಪೋರ್ಟನ್ನೂ ಜಗತ್ತಿಗೆ ತೆರೆದಿಡಬೇಕಾಗಿಲ್ಲ.

ವಿಳಾಸಗಳು ಒಂದೇ ಆಗಿದ್ದರೆ ಈಗ ಫಾರ್ವರ್ಡಿಂಗ್ ಪುಟದ ಆ ಸಾಲನ್ನು ನೋಡೋಣ. ಹೊರಗಿನ ಪೋರ್ಟ್ 25565, ಒಳಗಿನ ಪೋರ್ಟ್ 25565, ಪ್ರೊಟೊಕಾಲ್ (ಮಾಹಿತಿ ಸಾಗಿಸುವ ವಿಧಾನ) ಟಿಸಿಪಿ, ಮತ್ತು ಸರ್ವರ್ ಇರುವ ಕಂಪ್ಯೂಟರಿನ ಒಳವಿಳಾಸ, ಉದಾಹರಣೆಗೆ 192.168.1.23. ಪ್ರೊಟೊಕಾಲ್ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ವ್ಯರ್ಥ: ಜಾವಾ ಆವೃತ್ತಿಗೆ ಟಿಸಿಪಿ ಬೇಕು, ಬೆಡ್‌ರಾಕ್ ಆವೃತ್ತಿಗೆ 19132ನೇ ಪೋರ್ಟಿನಲ್ಲಿ ಯುಡಿಪಿ ಬೇಕು. ಇನ್ನು ಒಳವಿಳಾಸ. ಒಮ್ಮೆ ನನ್ನ ಮನೆಯಲ್ಲಿ ವಾರಗಟ್ಟಲೆ ಚೆನ್ನಾಗಿ ನಡೆದಿದ್ದ ಸರ್ವರ್, ಕರೆಂಟ್ ಹೋಗಿ ಬಂದ ಮೇಲೆ ಯಾರಿಗೂ ಸಿಗದಾಯಿತು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕೊಟ್ಟು ನೋಡಿದರೆ 23 ಇದ್ದ ಕಡೆ 31 ಬಂದಿತ್ತು. ರೂಟರ್ ಮಾತ್ರ ಹಳೆಯ 23ಕ್ಕೇ ಎಲ್ಲವನ್ನೂ ಕಳುಹಿಸುತ್ತಿತ್ತು. ರೂಟರ್‌ನ ಡಿಎಚ್‌ಸಿಪಿ (ಒಳವಿಳಾಸಗಳನ್ನು ಹಂಚುವ) ಪುಟದಲ್ಲಿ ಆ ಕಂಪ್ಯೂಟರಿನ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗೆ) ಒಂದು ಐಪಿಯನ್ನು ಕಾಯ್ದಿರಿಸಿದರೆ ಈ ತೊಂದರೆ ಮತ್ತೆ ಬರುವುದಿಲ್ಲ. ವೈಫೈ ಬಳಸುತ್ತಿದ್ದರೆ ಆ ಕಂಪ್ಯೂಟರಿನಲ್ಲಿ ಮ್ಯಾಕ್ ವಿಳಾಸವನ್ನು ಬದಲಾಯಿಸುತ್ತಿರುವ ಆಯ್ಕೆಯನ್ನು ನಿಲ್ಲಿಸಿರಬೇಕು.

ಪರೀಕ್ಷಿಸುವ ಕ್ರಮವೂ ಮುಖ್ಯ. ಮನೆಯೊಳಗಿನಿಂದಲೇ ನಿಮ್ಮ ಸಾರ್ವಜನಿಕ ವಿಳಾಸಕ್ಕೆ ಸೇರಲು ನೋಡಿದರೆ ಹಲವು ರೂಟರ್‌ಗಳು ಅದನ್ನು ಹಿಂತಿರುಗಿಸಿ ಒಳಗೆ ಬಿಡುವುದಿಲ್ಲ. ಸೆಟ್ಟಿಂಗ್ ಸರಿಯಿದ್ದರೂ ಕೆಟ್ಟಿದೆ ಎಂದು ಭ್ರಮೆಯಾಗುತ್ತದೆ. ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ಮೊಬೈಲ್ ಡೇಟಾದ ಮೂಲಕ ನೋಡಿ. ಪೋರ್ಟ್ ತೆರೆದಿದೆಯೇ ಎಂದು ಹೇಳುವ ಜಾಲತಾಣಗಳನ್ನು ಬಳಸುವುದಾದರೆ ಆ ಹೊತ್ತಿಗೆ ಸರ್ವರ್ ಓಡುತ್ತಿರಲೇಬೇಕು, ಏಕೆಂದರೆ ಕೇಳಿಸಿಕೊಳ್ಳುವ ಪ್ರೋಗ್ರಾಂ ಇಲ್ಲದ ಪೋರ್ಟ್ ಯಾವಾಗಲೂ ಮುಚ್ಚಿದಂತೆಯೇ ಕಾಣುತ್ತದೆ.

ಸ್ವಂತ ಸರ್ವರ್ ಇಲ್ಲದೆ ಕೇವಲ ಆಟವಾಡುವವರಿಗೆ ಇದರ ಅಗತ್ಯ ಬಹಳ ಕಡಿಮೆ. ಕನ್ಸೋಲ್ ನಿಮ್ಮ ನ್ಯಾಟ್ ಸ್ಟ್ರಿಕ್ಟ್ ಎಂದು ತೋರಿಸಿ ಗೆಳೆಯರ ಧ್ವನಿ ಕೇಳಿಸದಿದ್ದರೆ, ಎಕ್ಸ್‌ಬಾಕ್ಸ್‌ಗೆ ಯುಡಿಪಿ 3074 ಫಾರ್ವರ್ಡ್ ಮಾಡುವುದರಿಂದ ಉಪಯೋಗವಾಗಬಹುದು. ಆದರೆ ಒಂದು ಪೋರ್ಟನ್ನು ಒಂದೇ ಸಾಧನಕ್ಕೆ ಕೊಡಲು ಸಾಧ್ಯವಾದ್ದರಿಂದ ಎರಡು ಕನ್ಸೋಲ್ ಇರುವ ಮನೆಗೆ, ಬೇಕಾದ ಪೋರ್ಟನ್ನು ಸಾಧನವೇ ರೂಟರ್‌ಗೆ ಹೇಳಿ ತೆರೆಸಿಕೊಳ್ಳುವ ಯುಪಿಎನ್‌ಪಿಯೇ ಅನುಕೂಲ. ಪೋರ್ಟ್ ಫಾರ್ವರ್ಡ್ ಮಾಡಿದರೆ ಪಿಂಗ್ ಕಡಿಮೆಯಾಗುತ್ತದೆ ಎಂಬ ಮಾತನ್ನು ನಂಬಬೇಡಿ. ದೂರದ ಸರ್ವರ್‌ಗೆ ಹೋಗಿ ಬರುವ ಸಮಯ ಫಾರ್ವರ್ಡಿಂಗ್‌ನಿಂದ ಬದಲಾಗುವುದಿಲ್ಲ.

ಯಾವುದೂ ಕೆಲಸ ಮಾಡದಿದ್ದಾಗ ಕಂಪ್ಯೂಟರನ್ನು ಡಿಎಂಜೆಡ್‌ಗೆ ಹಾಕಿ ಎಂಬ ಸಲಹೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಒಂದು ಪೋರ್ಟಿನ ಬದಲು ಎಲ್ಲ ಪೋರ್ಟುಗಳನ್ನೂ ಆ ಕಂಪ್ಯೂಟರಿಗೆ ತೆರೆದುಬಿಡುತ್ತದೆ. ಒಂದೇ ಪೋರ್ಟ್ ತೆರೆದಿದ್ದರೂ ಅದರ ಹಿಂದಿರುವ ಪ್ರೋಗ್ರಾಂ ಗಟ್ಟಿಯಾಗಿರಬೇಕು: 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಜಾವಾ ತಂತ್ರಾಂಶ ಭಾಗದ ದೋಷ ಹೊರಬಿದ್ದಾಗ, ಆಟದ ಚಾಟ್‌ನಲ್ಲಿ ಒಂದು ಸಾಲು ಬರೆದು ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಇರುವ ಕಂಪ್ಯೂಟರಿನಲ್ಲಿ ತಮಗೆ ಬೇಕಾದ ಕೋಡನ್ನು ಓಡಿಸಲು ಅಪರಿಚಿತರಿಗೆ ಸಾಧ್ಯವಾಗಿತ್ತು, ಅದನ್ನು 1.18.1 ಆವೃತ್ತಿಯಲ್ಲಿ ಸರಿಪಡಿಸಲಾಯಿತು. ಸರ್ವರನ್ನು ಹೊಸ ಆವೃತ್ತಿಯಲ್ಲೇ ಇರಿಸಿ, ವೈಟ್‌ಲಿಸ್ಟ್ ಆನ್ ಮಾಡಿ ಗೆಳೆಯರ ಹೆಸರುಗಳನ್ನಷ್ಟೇ ಸೇರಿಸಿ, ಸರ್ವರ್ ನಡೆಸುವುದನ್ನು ನಿಲ್ಲಿಸಿದ ದಿನ ರೂಟರ್‌ನ ಆ ಸಾಲನ್ನೂ ಅಳಿಸಿ.